ಅಪ್ಪನ ಹೊಟ್ಟೆಗೊಂದು ಸೊಳ್ಳೆ ಪರದೆ

ಮೊನ್ನೆ ಶ್ರೀನಿವಾಸಪುರಕ್ಕೆ ಹೋಗಿದ್ದೆ. ವರ್ಷಾನುಗಟ್ಟಲೆ ಮಾವಿನ ಮಂಡಿಯಲ್ಲಿ ಕ್ರೇಟು ಎತ್ತಿದ ಅಪ್ಪನಿಗೆ ತೊಡೆಸಂದಿನಲ್ಲಿ ಹರ್ನಿಯಾ. ಲ್ಯಾಪ್ರೋಸ್ಕೋಪಿ ಮಾಡಿ ಒಳಗಿನಿಂದ ಮೆಶ್ ಹಾಕೋಣ ಅಂದರು ಕೋಲಾರದ ಡಾಕ್ಟರು. "ಮಾಮೂಲಿದು ಸಾಕಾ, ಹಗುರದ್ದು ಬೇಕಾ? ಹಗುರದ್ದಕ್ಕೆ ದುಡ್ಡು ಜಾಸ್ತಿ."

ಅವರು ತೋರಿಸಿದ ತುಂಡನ್ನು ಅಪ್ಪ ಬೆಳಕಿಗೆ ಹಿಡಿದು, "ಏನ್ ಸಾರ್, ಸೊಳ್ಳೆ ಪರದೆ ಇದ್ದಂಗೈತೆ!" ಅಂದ. ಎಲ್ಲರೂ ನಕ್ಕೆವು. ಮನೆಗೆ ಬಂದು ಓದಿದ ಮೇಲೆ ಗೊತ್ತಾಯ್ತು, ಅಪ್ಪ ಹೇಳಿದ್ದು ತಮಾಷೆಯಲ್ಲ ಅಂತ!

1880ರ ದಶಕದಲ್ಲಿ ಇಟಲಿಯ ಬಸ್ಸಿನಿ, ಸಡಿಲಾದ ಜಾಗವನ್ನು ಅಕ್ಕಪಕ್ಕದ ಮಾಂಸಖಂಡ ಎಳೆದು ಹೊಲಿಯೋದು ಕಲಿಸಿದ. ಎಳೆದು ಹೊಲಿದದ್ದು ಎಷ್ಟೋ ಜನರಲ್ಲಿ ಮತ್ತೆ ಬಿಟ್ಟುಕೊಳ್ಳುತ್ತಿತ್ತು. 1958ರಲ್ಲಿ ಅಮೆರಿಕದ ಅಷರ್ ಪಾಲಿಥಿಲೀನ್ ಬಲೆ ಬಳಸಿದ್ದನ್ನು ವರದಿ ಮಾಡಿದ. ಆಮೇಲೆ ಬಂದದ್ದು ಪಾಲಿಪ್ರೊಪಿಲೀನ್, ನಮ್ಮ ಗೊಬ್ಬರದ ಚೀಲ ನೇಯುವ ಅದೇ ಜಾತಿಯ ಪ್ಲಾಸ್ಟಿಕ್ಕು. 1980ರ ದಶಕದಲ್ಲಿ ಲಿಕ್ಟೆನ್‌ಸ್ಟೈನ್, ಎಳೆಯದೆ ಬಲೆ ಹಾಸುವ ಪದ್ಧತಿ ತಂದ. 1990ರ ನಂತರ ಅದೇ ಬಲೆ ಲ್ಯಾಪ್ರೋಸ್ಕೋಪಿನ ಸಣ್ಣ ತೂತಿನಿಂದ ಒಳಗೆ ಹೋಗತೊಡಗಿತು.

ಬಲೆ ಬರೀ ತೇಪೆಯಲ್ಲ ನೋಡಿ. ಅದರ ಕಣ್ಣುಗಳ ಮೂಲಕ ನಮ್ಮದೇ ಮಾಂಸ ಬೆಳೆದು ಗೋಡೆ ಕಟ್ಟುತ್ತೆ. ಕಣ್ಣು ತೀರಾ ಚಿಕ್ಕದಾದರೆ ಗಾಯದ ಕಲೆ ಒಂದಕ್ಕೊಂದು ಕೂಡಿ ಹಲಗೆಯಂತೆ ಬಿಗಿಯುತ್ತೆ. ಅದಕ್ಕೇ ಪ್ಲಾಸ್ಟಿಕ್ ಕಡಿಮೆ ಮಾಡಿ, ಕಣ್ಣು ದೊಡ್ಡದು ಮಾಡಿ 'ಹಗುರ' ಮೆಶ್ ಮಾಡಿದರು. ಬೆಲೆ ಮಾತ್ರ ಭಾರವಾಯ್ತು :)

ಇನ್ನು ಸೊಳ್ಳೆ ಪರದೆಯ ಕಥೆ. ಮಹಾರಾಷ್ಟ್ರದ ದೊಂಡಾಯಿಚಾ ಎಂಬ ಸಣ್ಣ ಊರಿನ ಡಾ. ರವೀಂದ್ರನಾಥ ತೊಂಗಾಂವಕರ್, ಮೆಶ್ ಕೊಳ್ಳಲಾಗದ ಬಡವರಿಗೆ ಸೊಳ್ಳೆ ಪರದೆಯ ಬಟ್ಟೆಯನ್ನೇ ಕತ್ತರಿಸಿ, ಕ್ರಿಮಿಶುದ್ಧಿ ಮಾಡಿ ಹಾಕಿದರು. 2016ರಲ್ಲಿ ಉಗಾಂಡಾದ 302 ಗಂಡಸರ ಮೇಲೆ ನಡೆದ ಅಧ್ಯಯನ ಪ್ರಕಟವಾಯ್ತು. ಒಂದು ವರ್ಷದ ನಂತರ ಸೊಳ್ಳೆ ಪರದೆ ಹಾಕಿದವರಲ್ಲಿ ಒಬ್ಬನಿಗೆ ಹರ್ನಿಯಾ ಮರುಕಳಿಸಿತ್ತು, ಕಂಪನಿ ಮೆಶ್ ಹಾಕಿದವರಲ್ಲಿ ಯಾರಿಗೂ ಇಲ್ಲ. ಅಂದರೆ ಹೆಚ್ಚುಕಮ್ಮಿ ಎರಡೂ ಒಂದೇ! (ಅದು ಕುಯ್ದು ಮಾಡುವ ಆಪರೇಷನ್. ಮನೆಯ ಪರದೆ, ಔಷಧಿ ಲೇಪಿಸಿದ ಪರದೆ ನಡೆಯಲ್ಲ, ದಯವಿಟ್ಟು ತಗೊಂಡು ಹೋಗಬೇಡಿ.)

ಹಾಗಾದರೆ ಲ್ಯಾಪ್ರೋಸ್ಕೋಪಿಗೆ? ಹಾಲೆಂಡಿನಲ್ಲಿ ಎರಡೂ ಬಗೆ ಹಾಕಿ ವರ್ಷಗಟ್ಟಲೆ ಗಮನಿಸಿದರು. ಹಗುರ ಮೆಶ್‌ನಿಂದ ನೋವೇನೂ ಕಮ್ಮಿಯಾಗಲಿಲ್ಲ, ಹರ್ನಿಯಾ ಮರುಕಳಿಸಿದ್ದೂ ಹಗುರದವರಲ್ಲೇ ಹೆಚ್ಚು. ಬರೀ ತೂಕ ನೋಡಿ ಮೆಶ್ ಆರಿಸಬೇಡಿ ಅನ್ನುತ್ತೆ 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ. ಅಳತೆ ಕನಿಷ್ಠ 10x15 ಸೆಂ.ಮೀ. ಇರಬೇಕು, ಹಾಕುವ ಕೈ ಪಳಗಿರಬೇಕು.

ಇದನ್ನೆಲ್ಲ ಡಾಕ್ಟರ ಮುಂದಿಟ್ಟು ಕೇಳಿದೆ. "ನನ್ನ ಕೈಗೆ ಮಾಮೂಲಿದೇ ಚೆನ್ನಾಗಿ ಒಗ್ಗಿದೆ" ಅಂದರು. ಅದೇ ಹಾಕಿಸಿದೆವು.

ಜಾಸ್ತಿ ದುಡ್ಡು ಕೊಡದಿದ್ದರೆ ಅಪ್ಪನಿಗೆ ಕಮ್ಮಿ ಮಾಡಿದೆ ಅನ್ನೋ ಅಳುಕು ನನ್ನಂಥ ಸಾಫ್ಟ್‌ವೇರ್ ಮಕ್ಕಳಿಗೆಲ್ಲ ಇರುತ್ತೆ. ಅಪ್ಪನಿಗೆ ಅದ್ಯಾವುದೂ ಇಲ್ಲ. "ಇನ್ಮೇಲೆ ಹೊಟ್ಟೆಯೊಳಕ್ಕೆ ಸೊಳ್ಳೆ ಬರಲ್ಲ ಬಿಡು" ಅಂತ ನಗ್ತಾನೆ..