ತೇವದ ನಾಡಿನಲ್ಲಿ ಗಾಂಜಾ ಗಿಡ: ಗಿಡ್ಡ ತಳಿ, ಸಡಿಲ ಹೂಗೊಂಚಲು ಮತ್ತು ಬೂಷ್ಟು

ಗಾಂಜಾ ಬೆಳೆಯ ದೊಡ್ಡ ಶತ್ರು ಯಾರೆಂದು ಕೇಳಿದರೆ ನಮ್ಮಲ್ಲಿ ಬಹುಪಾಲು ಮಂದಿ ಪೊಲೀಸರೆಂದೇ ಹೇಳಿಯಾರು. ಜಮೈಕಾ, ಥಾಯ್ಲೆಂಡ್‌ಗಳಲ್ಲಿ ಪರವಾನಗಿ ಪಡೆದು ಔಷಧಕ್ಕಾಗಿ ಈ ಗಿಡ ಬೆಳೆಸುವವರ ಮುಖ್ಯ ಚಿಂತೆ ಮಾತ್ರ ಬೇರೆ. ಅದು ಗಾಳಿಯಲ್ಲಿನ ತೇವ. ಹೂ ಕಟ್ಟಿದ ಮೇಲೆ ನಾಲ್ಕು ದಿನ ಮೋಡ ಮುಸುಕಿ ಜಿನುಗು ಮಳೆ ಹಿಡಿದರೆ ತಿಂಗಳುಗಳ ದುಡಿಮೆ ಕೊಳೆತುಹೋಗುವುದುಂಟು. ಆದಕಾರಣವೇ ತೇವದ ಸೀಮೆಗಳಲ್ಲಿ ಎತ್ತರಕ್ಕೆ ಬೆಳೆಯದ, ಆದರೆ 'ಸಟೈವಾ' ಗುಣ ಹೆಚ್ಚಾಗಿರುವ ಮಿಶ್ರತಳಿಗಳಿಗೆ ಬೇಡಿಕೆ ಇದೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಬೇಕು. ಕನ್ನಡದಲ್ಲಿ ಗಾಂಜಾ, ಭಂಗಿ ಎಂದು ಕರೆಯುವ ಸಸ್ಯಕ್ಕೆ 1753ರಲ್ಲಿ ಲಿನೇಯಸ್ 'ಕ್ಯಾನಬಿಸ್ ಸಟೈವಾ' ಎಂದು ಹೆಸರಿಟ್ಟರು. ಭಾರತದಿಂದ ಹೋದ ಮಾದರಿಗಳನ್ನು ನೋಡಿ 1785ರಲ್ಲಿ ಫ್ರಾನ್ಸಿನ ಲಮಾರ್ಕ್, ಇದು ಬೇರೆಯೇ ಪ್ರಭೇದವೆಂದು 'ಇಂಡಿಕಾ' ಎಂದರು. 1976ರಲ್ಲಿ ಸ್ಮಾಲ್ ಮತ್ತು ಕ್ರಾಂಕ್ವಿಸ್ಟ್ ಎಂಬ ಸಸ್ಯವಿಜ್ಞಾನಿಗಳು ಎರಡನ್ನೂ ಒಂದೇ ಪ್ರಭೇದದ ಉಪಪ್ರಭೇದಗಳೆಂದು ವಿಂಗಡಿಸಿದರು. (ನಮ್ಮ ರೈತರು ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಅಪ್ಸೆಣಬಿಗೂ ಇದಕ್ಕೂ ನಂಟಿಲ್ಲ. ಅದು ದ್ವಿದಳ ಜಾತಿಯದು.) ವ್ಯಾಪಾರದಲ್ಲಿ ಉಳಿದಿರುವುದು ಒರಟು ಲೆಕ್ಕ: ಎತ್ತರದ ಗಿಡ, ತೆಳ್ಳನೆಯ ಎಲೆ ಇದ್ದರೆ ಸಟೈವಾ, ಕುಳ್ಳು ಗಿಡ, ಅಗಲ ಎಲೆ ಇದ್ದರೆ ಇಂಡಿಕಾ. ಕೆನಡಾದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ವಂಶವಾಹಿ ಅಧ್ಯಯನವು ಈ ಹಣೆಪಟ್ಟಿಗಳಿಗೂ ಗಿಡದ ನಿಜವಾದ ವಂಶಕ್ಕೂ ಹೊಂದಾಣಿಕೆ ಕಡಿಮೆ ಎಂದು ತೋರಿಸಿತು. ಆದರೂ ಗಿಡದ ಆಕಾರದ ಮಟ್ಟಿಗೆ ಈ ವಿಂಗಡಣೆ ಉಪಯುಕ್ತವೇ. ತೇವದ ಪ್ರಶ್ನೆಯಲ್ಲಿ ಮುಖ್ಯವಾಗುವುದೂ ಆಕಾರವೇ.

ಅಫ್ಘಾನಿಸ್ತಾನದ ಹಿಂದೂಕುಶ್ ಪರ್ವತಸೀಮೆಯಲ್ಲಿ ಹವೆ ಒಣ, ಬೇಸಿಗೆ ಚಿಕ್ಕದು. ಚಳಿ ಬರುವ ಮುನ್ನ ಬೀಜ ಕಟ್ಟಬೇಕಾದ ಅಲ್ಲಿನ ಗಿಡ ಕುಳ್ಳಾಗಿ, ಎರಡು ತಿಂಗಳ ಆಸುಪಾಸಿನಲ್ಲೇ ಹೂ ಬಲಿಸಿಕೊಳ್ಳುತ್ತದೆ. ಹೂಗೊಂಚಲು ಗಟ್ಟಿ, ಒತ್ತು, ಅಂಟು. ಕೇರಳ, ಥಾಯ್ಲೆಂಡ್, ಕೊಲಂಬಿಯಾಗಳ ನಾಟಿ ತಳಿಗಳದು ಇದಕ್ಕೆ ತೀರ ವಿರುದ್ಧ ಸ್ವಭಾವ. ಅಲ್ಲಿ ಹಗಲಿನ ಉದ್ದ ವರ್ಷವಿಡೀ ಹೆಚ್ಚು ಬದಲಾಗದು, ಗಿಡಕ್ಕೆ ಆತುರವಿಲ್ಲ. ಮೂರು ಮೀಟರಿಗೂ ಮೀರಿ ಬೆಳೆದು, ಹೂ ಬಲಿಯಲು ಮೂರು ತಿಂಗಳು ಅಥವಾ ಅದಕ್ಕೂ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಗೊಂಚಲು ಸಡಿಲ, ಎಲೆ ಕಿರಿದು. ಗಾಳಿ ಸಲೀಸಾಗಿ ನುಗ್ಗಿ ಹೊರಬರುತ್ತದೆ. ಮಳೆನಾಡಿನಲ್ಲಿ ಶತಮಾನಗಳಿಂದ ಉಳಿದುಬಂದ ತಳಿಗೆ ಈ ಸಡಿಲತೆ ದೊಡ್ಡ ರಕ್ಷೆ.

ಜಮೈಕಾಕ್ಕೆ ಈ ಸಸ್ಯ ಹೋದದ್ದು ನಮ್ಮವರೊಂದಿಗೇ. 1845ರಿಂದ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಹೋದ ಭಾರತೀಯ ಕೂಲಿಗಳ ಜೊತೆ ಗಿಡವೂ ಹೋಯಿತು, 'ಗಾಂಜಾ' ಎಂಬ ಮಾತೂ ಹೋಗಿ ಅಲ್ಲಿನ ಆಡುನುಡಿಯಾಯಿತು.

ಎತ್ತರದ ಗಿಡವನ್ನು ಚಾವಣಿಯ ಕೆಳಗೆ ಬೆಳೆಸುವುದು ಕಷ್ಟ, ಕಾಯುವ ಅವಧಿಯೂ ದೀರ್ಘ. ಹೀಗಾಗಿ 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅಫ್ಘಾನ್ ತಳಿಯನ್ನು ಮೆಕ್ಸಿಕೊ, ಕೊಲಂಬಿಯಾಗಳ ತಳಿಗಳೊಂದಿಗೆ ಬೆರೆಸಲಾಯಿತು. ಮುಂದೆ ನೆದರ್ಲೆಂಡ್ಸ್‌ನಲ್ಲಿ ಹೆಸರಾದ 'ಸ್ಕಂಕ್' ಇಂಥ ಬೆರಕೆಯಿಂದ ಬಂದದ್ದು. ಆದರೆ ಗಿಡ್ಡತನವನ್ನು ಕೊಟ್ಟ ಅಫ್ಘಾನ್ ರಕ್ತವು ಗೊಂಚಲಿನ ಬಿಗಿತವನ್ನೂ ಜೊತೆಗೆ ತರಬಲ್ಲದು. ಗಿಡ ಗಿಡ್ಡವಾದಷ್ಟೂ ಗೆಣ್ಣುಗಳ ನಡುವಿನ ಅಂತರ ಕಿರಿದಾಗಿ ಎಲೆ, ಹೂ ಒತ್ತೊತ್ತಾಗುತ್ತವೆ. ಆದ್ದರಿಂದ ತೇವದ ನಾಡಿಗೆ ತಳಿ ಆರಿಸುವಾಗ ಎತ್ತರವನ್ನಷ್ಟೇ ನೋಡಿದರೆ ಸಾಲದು, ಗೊಂಚಲನ್ನು ನೋಡಬೇಕು.

ಒತ್ತು ಗೊಂಚಲಿಗೆ ಎರಗುವುದು 'ಬೊಟ್ರೈಟಿಸ್ ಸಿನೇರಿಯಾ' ಎಂಬ ಶಿಲೀಂಧ್ರ. ಬೆಂಗಳೂರಿನ ಸುತ್ತ ಪಾಲಿಹೌಸ್‌ಗಳಲ್ಲಿ ಗುಲಾಬಿ ಬೆಳೆಯುವವರಿಗೆ ಈ ಬೂದು ಬೂಷ್ಟಿನ ಪರಿಚಯವಿದೆ. ಎಲೆಯ ಮೇಲೆ ಬಿಳಿ ಪುಡಿಯಂತೆ ಕಾಣುವ ಬೂದಿ ರೋಗ ಬೇರೆ. ಇದು ಒಳಗಿನಿಂದ ಬರುವಂಥದು. ಗೊಂಚಲಿನಿಂದ ಹೊರಚಾಚಿದ ಒಂದು ಪುಟ್ಟ ಎಲೆ ಕಾರಣವಿಲ್ಲದೆ ಬಾಡಿದಂತೆ ಕಾಣುತ್ತದೆ. ಎಳೆದರೆ ಸಲೀಸಾಗಿ ಕಿತ್ತುಬರುತ್ತದೆ. ಅಷ್ಟರಲ್ಲಿ ಒಳಗಿನ ದಂಟು ಕಂದಾಗಿ ಮೆತ್ತಗಾಗಿರುತ್ತದೆ. ಹಗಲಿಗಿಂತ ರಾತ್ರಿಯೇ ಅಪಾಯದ ಹೊತ್ತು. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಶೇ. 60ರಷ್ಟು ತೇವಾಂಶವಿದ್ದ ಗಾಳಿ ಸುಮಾರು 21 ಡಿಗ್ರಿಗೆ ತಣಿದರೆ ಇಬ್ಬನಿಯಾಗಿ ಹನಿಯುತ್ತದೆ. ಮಳೆಯೇ ಬಾರದಿದ್ದರೂ ಹೂವು ಒದ್ದೆ.

ಹೂವಿನ ಮೇಲೆ ಶಿಲೀಂಧ್ರನಾಶಕ ಸಿಂಪಡಿಸಿದರೆ ಅದರ ಶೇಷ ರೋಗಿಯ ದೇಹ ಸೇರುತ್ತದೆ. ಹಾಗಾಗಿ ಪರವಾನಗಿದಾರರು ನೆಚ್ಚುವುದು ಬೇಸಾಯ ಕ್ರಮವನ್ನೇ: ಗಿಡಗಳ ನಡುವೆ ಧಾರಾಳ ಅಂತರ, ಒಳಭಾಗದ ಎಲೆಗಳ ಸವರುವಿಕೆ, ಬೆಳಗಿನ ಹೊತ್ತೇ ಬುಡಕ್ಕೆ ನೀರು, ರಾತ್ರಿಯೂ ನಿಲ್ಲದ ಫ್ಯಾನು. ಕೊಯ್ಲಿನ ನಂತರದ ಒಣಗಿಸುವಿಕೆಯೂ ಅಷ್ಟೇ ನಾಜೂಕು. ಸರಿಯಾಗಿ ಆರದ ಹೂವಿನಲ್ಲಿ 'ಆಸ್ಪರ್ಜಿಲಸ್' ಬೂಷ್ಟು ಬೆಳೆದರೆ ಸೇದುವವರ ಶ್ವಾಸಕೋಶಕ್ಕೆ ಸೋಂಕು ತಗುಲಬಹುದು. ಕ್ಯಾನ್ಸರ್ ಚಿಕಿತ್ಸೆಯಿಂದ ರೋಗನಿರೋಧಕ ಶಕ್ತಿ ಕುಂದಿದವರಿಗೆ ಇದು ಮಾರಣಾಂತಿಕ. ಔಷಧವೆಂದು ಗಾಂಜಾವನ್ನು ಹೊಗಳುವವರು ಈ ವಿಷಯವನ್ನು ಹೇಳುವುದು ಅಪರೂಪ.

ಇನ್ನು ಕಾನೂನಿನ ಮಾತು. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ಕೈಬಿಟ್ಟು, 2025ರ ಜೂನ್‌ನಲ್ಲಿ ಹೂವಿನ ಮಾರಾಟಕ್ಕೆ ವೈದ್ಯರ ಚೀಟಿ ಕಡ್ಡಾಯಗೊಳಿಸಿತು. ಭಾರತದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಅನುಮತಿಯಿಲ್ಲದೆ ಗಿಡ ಬೆಳೆಸಿದರೆ 10 ವರ್ಷಗಳವರೆಗೆ ಕಠಿಣ ಸಜೆ, ಒಂದು ಲಕ್ಷ ರೂ.ವರೆಗೆ ದಂಡ. ಬಾಲ್ಕನಿಯ ಕುಂಡದಲ್ಲಿ ಒಂದೇ ಗಿಡವಿದೆ, ಅದು ಗಿಡ್ಡ ತಳಿ ಎಂಬ ಸಮಜಾಯಿಷಿಗೆ ಕಾಯ್ದೆಯಲ್ಲಿ ವಿನಾಯಿತಿ ಇಲ್ಲ. ನಾರು ಮತ್ತು ಬೀಜಕ್ಕಾಗಿ ಬೆಳೆಸಲು ಸರಕಾರ ಅನುಮತಿ ನೀಡಬಹುದು; ಉತ್ತರಾಖಂಡ 2018ರಲ್ಲಿ ನೀಡಿತು. ಆದರೆ ಅಲ್ಲಿ ಬೆಳೆಯಬಹುದಾದದ್ದು ಅಮಲಿನ ಅಂಶ ಶೇ. 0.3 ಮೀರದ ತಳಿ ಮಾತ್ರ. ಕಾಯ್ದೆಯ ವ್ಯಾಖ್ಯೆಯಂತೆ ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ತುದಿಯಿಲ್ಲದ ಬರೀ ಎಲೆ, ಬೀಜ ಅದರಲ್ಲಿ ಸೇರದು. ಇದನ್ನು ಆಧರಿಸಿಯೇ 2022ರಲ್ಲಿ ಕರ್ನಾಟಕ ಹೈಕೋರ್ಟ್ ಜಾಮೀನು ಆದೇಶವೊಂದರಲ್ಲಿ ಭಂಗಿಯು ಈ ಕಾಯ್ದೆಯ ನಿಷೇಧಕ್ಕೆ ಒಳಪಡದು ಎಂದಿತು. ಆ ಮಾತು ಎಲೆಗೆ ಸಂಬಂಧಿಸಿದ್ದು. ಗಿಡ ನೆಡುವುದಕ್ಕೆ ಅದು ಅನುಮತಿಯಲ್ಲ.