ಸವಾಲು ಹಾಕಿದವರು, ಜವಾಬು ಕೊಟ್ಟವರು

ಹತ್ತು ಜನರ ಎದುರು ಪ್ರಶ್ನೆ ಹಾಕಿ ಎದುರಾಳಿಯ ಬಾಯಿ ಕಟ್ಟಿಸುವ ಆಟವನ್ನು ಕೃಷ್ಣೆಯ ದಂಡೆಗೆ ತಂದದ್ದು ಟೀವಿಯಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆಯಲ್ಲಿ ಕ್ವಿಜ್ ಎಂಬ ಮಾತು ಯಾರ ಬಾಯಲ್ಲೂ ಇಲ್ಲದ ಕಾಲದಲ್ಲೇ ಪೈಪೋಟಿ ಜೋರಾಗಿತ್ತು. ಜಾತ್ರೆಯ ಬಯಲೇ ಅದರ ಸ್ಟುಡಿಯೊ, ಬೆಳ್ಳಿ ಮೂಡುವುದೇ ಅದರ ಸಮಯದ ಮಿತಿ.

ಅದು ಹರದೇಶಿ-ನಾಗೇಶಿಯ ಹಾಡಿಕೆ. ಒಂದು ಕಡೆ ಹರನೇ ಹಿರಿಯ, ಪುರುಷನೇ ಮೊದಲು ಎನ್ನುವ ಹರದೇಶಿ ಮೇಳ. ಎದುರಿಗೆ ಶಕ್ತಿಯಿಲ್ಲದೆ ಶಿವನೆಲ್ಲಿ, ಹೆಣ್ಣೇ ಹೆಚ್ಚು ಎನ್ನುವ ನಾಗೇಶಿ ಮೇಳ. ದಪ್ಪು, ತುಂತುಣಿ, ತಾಳ. ಮುಂದೆ ನಿಂತು ಹಾಡುವವರೊಬ್ಬರು, ಹಿಂದಿನಿಂದ ಗೀಗೀ ಎಂದು ಸೊಲ್ಲು ಹಿಡಿಯುವವರು ಇಬ್ಬರು. ಒಂದು ಮೇಳ ಪದದ ಕೊನೆಗೆ ಸವಾಲು ಕಟ್ಟಿ ಬಿಡುತ್ತದೆ. ಎದುರಿನವರು ಅದೇ ಧಾಟಿಯಲ್ಲಿ ಜವಾಬು ಹಾಡಬೇಕು, ಹಾಡಿ ತಿರುಗಿ ತಮ್ಮ ಸವಾಲನ್ನೂ ಎಸೆಯಬೇಕು. ಮಹಾಭಾರತದ ಯಾವನೋ ವೀರನ ತಾಯಿಯ ಹೆಸರು, ದೇಹದೊಳಗಿನ ತತ್ತ್ವಗಳ ಲೆಕ್ಕ, ಶರಣರ ಜೀವನದ ಒಂದು ಘಟನೆ, ಬಿಡಿಸಲು ಬಾರದ ಒಡಪು, ಹೀಗೆ ಎಲ್ಲಿಂದ ಬೇಕಾದರೂ ಪ್ರಶ್ನೆ ಬರಬಹುದು. ಜವಾಬು ಹೊಳೆಯದಿದ್ದರೆ ಪದ ನಿಲ್ಲುತ್ತದೆ. ಪದ ನಿಂತರೆ ಸೋಲು. ಮೆಚ್ಚಿದವರು ಮುಂದೆ ಬಂದು ಆಹೇರಿ, ಅಂದರೆ ಉಡುಗೊರೆ, ಮಾಡುತ್ತಾರೆ.

ಈ ಪೈಪೋಟಿಗೆ ಇಲ್ಲಿ ಎರಡು ಭಾಷೆಯ ನೀರು ಕುಡಿದ ಬೇರುಗಳಿವೆ. ಮರಾಠಿ ಶಾಹಿರರಲ್ಲಿ ಇದೇ ಜಗಳಕ್ಕೆ ಕಲಗಿ-ತುರಾ ಎನ್ನುತ್ತಾರೆ: ಒಂದು ಪಕ್ಷ ಶಕ್ತಿಯದು, ಇನ್ನೊಂದು ಶಿವನದು. ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40 ಕಿಲೊಮೀಟರ್. ರಾಯಬಾಗವಂತೂ ಸಂಸ್ಥಾನಗಳು ವಿಲೀನವಾಗುವವರೆಗೆ ಕೊಲ್ಹಾಪುರದ ಮಹಾರಾಜರದೇ. ಹಾಗಾಗಿ ಲಾವಣಿಯ ಮಟ್ಟುಗಳು ಗಡಿ ದಾಟಲು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಮಾಘಮಾಸದಲ್ಲಿ ಸೇರುವ ಜನರಲ್ಲಿ ಮಹಾರಾಷ್ಟ್ರದವರ ಪಾಲು ಇಂದಿಗೂ ದೊಡ್ಡದು. ಕುರುಬ ಸಮುದಾಯದ ಡೊಳ್ಳಿನ ಪದಗಳಲ್ಲೂ ಇದೇ ಬಗೆಯ ಸವಾಲ್-ಜವಾಬಿನ ಜಿದ್ದು ನಡೆಯುತ್ತದೆ.

ಓದು ಬರಹ ಇಲ್ಲದವರಿಗೂ ಇದು ವಿದ್ಯೆಯ ಪರೀಕ್ಷೆಯಾಗಿತ್ತು. ಪುರಾಣವನ್ನು ಕಿವಿಯಿಂದ ಕೇಳಿ ಬಾಯಿಪಾಠ ಮಾಡಿದವರು, ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ಪದ ಕಲಿತವರು ಇಲ್ಲಿ ಪಂಡಿತರಾಗುತ್ತಿದ್ದರು. ಕೇಳುವವರೂ ಕಡಿಮೆಯೇನಲ್ಲ. ಸರಿ ಉತ್ತರ ಬರೆದಿಟ್ಟ ಚೀಟಿ ಯಾರ ಕೈಯಲ್ಲೂ ಇರುತ್ತಿರಲಿಲ್ಲವಾದ್ದರಿಂದ ತೀರ್ಪು ಹುಟ್ಟುತ್ತಿದ್ದದ್ದು ಸಭೆಯಲ್ಲಿ. ಊರ ಹಿರಿಯರು ತಲೆದೂಗಿದರೆ ಜವಾಬು ಸರಿ, ಇಲ್ಲವೆಂದರೆ ವಾದ. ಒಂದೇ ಕಥೆಗೆ ಎರಡು ಪಾಠವಿದ್ದರೆ ಎರಡನ್ನೂ ಹಾಡಿ ಸಾಧಿಸಬಹುದಿತ್ತು.

ಇದೇ ಗೀಗೀ ಮೇಳಗಳು ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ಪುರಾಣ ಬಿಟ್ಟು ವರ್ತಮಾನಕ್ಕೆ ಬಂದವು. ಬೆಳಗಾವಿ ಜಿಲ್ಲೆಯ ಹುಲಕುಂದದ ಭೀಮಕವಿಯಂಥವರು ಗಾಂಧಿ, ಖಾದಿ, ಪರದೇಶಿ ಆಳ್ವಿಕೆಯ ಸುದ್ದಿಯನ್ನು ಪದಕ್ಕೆ ಇಳಿಸಿದರು. ಪತ್ರಿಕೆ ತಲುಪದ ಹಳ್ಳಿಗೆ ಮೇಳ ತಲುಪುತ್ತಿತ್ತು. ಅತ್ತ ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಗೆಳೆಯರು 1930ರ ದಶಕದಲ್ಲಿ ಜನಪದ ಹಾಡುಗಳನ್ನು, ಲಾವಣಿಗಳನ್ನು ಬರೆದಿಟ್ಟು ಅಚ್ಚು ಹಾಕಿಸಿದರು. ಬಾಯಿಂದ ಬಾಯಿಗೆ ಹರಿದ ಪದಗಳಿಗೆ ಪುಟದ ಸಂಖ್ಯೆ ಬಿತ್ತು.

ಇಂದಿನ ಅರ್ಥದ ಕ್ವಿಜ್ ಬಂದದ್ದು ಬೇರೆ ದಾರಿಯಿಂದ, ಬೇರೆ ಭಾಷೆಯಲ್ಲಿ. 1967ರಲ್ಲಿ ಕಲ್ಕತ್ತೆಯ ಒಂದು ಚರ್ಚಿನ ಸಭಾಂಗಣದಲ್ಲಿ ನೀಲ್ ಓಬ್ರಿಯನ್ ನಡೆಸಿದ ಸ್ಪರ್ಧೆಯನ್ನು ಭಾರತದ ಮೊದಲ ಮುಕ್ತ ಕ್ವಿಜ್ ಎಂದು ಗುರುತಿಸುತ್ತಾರೆ. 1972ರಲ್ಲಿ ಬೋರ್ನ್‌ವಿಟಾ ಕ್ವಿಜ್ ರೇಡಿಯೊಕ್ಕೆ ಬಂತು. ಮೊದಲು ಹಮೀದ್ ಸಯಾನಿ, ಅವರ ನಂತರ ತಮ್ಮ ಅಮೀನ್ ಸಯಾನಿ ಅದರ ದನಿಯಾದರು. ಬೆಂಗಳೂರಿನಲ್ಲಿ 1983ರಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿತು. ಇವೆಲ್ಲ ಇಂಗ್ಲಿಷ್ ಬಲ್ಲ ಪೇಟೆಯ ಆಟಗಳು. ಕೃಷ್ಣೆಯ ದಂಡೆಯ ಹುಡುಗನಿಗೆ ರೇಡಿಯೊ ಎಂದರೆ 1950ರ ಜನವರಿಯಲ್ಲಿ ಶುರುವಾದ ಧಾರವಾಡ ಆಕಾಶವಾಣಿ. ಮುಳ್ಳು ಸ್ವಲ್ಪ ತಿರುಗಿಸಿದರೆ 1963ರಲ್ಲಿ ಶುರುವಾದ ಸಾಂಗ್ಲಿ ಕೇಂದ್ರದ ಮರಾಠಿ. ಕಾಗವಾಡಕ್ಕೆ ಧಾರವಾಡಕ್ಕಿಂತ ಸಾಂಗ್ಲಿಯೇ ಹತ್ತಿರ.

ಟೀವಿ ಈ ಸೀಮೆಯ ಪಕ್ಕದವರೆಗೂ ಬಂದು ನಿಂತ ಒಂದು ಘಟನೆಯನ್ನು ಹೇಳಲೇಬೇಕು. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮ ಕಳಿಸುವ ಸೈಟ್ ಪ್ರಯೋಗ ನಡೆಯಿತು. ಕೋಳಿ ಗೂಡಿಗೆ ಬಳಸುವ ತಂತಿಬಲೆಯಿಂದ ಮಾಡಿದ ದೊಡ್ಡ ಆಂಟೆನಾ, ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ, ಸಂಜೆ ಊರಿನವರಿಗೆ ಕೃಷಿ, ಆರೋಗ್ಯ, ಮನರಂಜನೆ. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಬಿಜಾಪುರ (ಇಂದಿನ ವಿಜಯಪುರ), ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಅಥಣಿಯ ಮೂಡಣ ಗಡಿ ದಾಟಿದರೆ ಬಿಜಾಪುರ ಜಿಲ್ಲೆ. ಆದರೆ ಅಥಣಿ ಬೆಳಗಾವಿ ಜಿಲ್ಲೆಯದು. ಪ್ರಯೋಗ ಗಡಿಯ ಆಚೆಗೇ ಮುಗಿಯಿತು.

1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಆರಂಭವಾಯಿತು. 1982ರ ಆಗಸ್ಟ್ 15ರಿಂದ ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮ. ಆ ದಶಕದಲ್ಲಿ ದೇಶದ ಊರೂರಿಗೆ ಸಣ್ಣ ಪ್ರಸಾರ ಗೋಪುರಗಳು ಬಂದಾಗ ಜನ ಕಂಡದ್ದು ಹೆಚ್ಚಾಗಿ ದೆಹಲಿಯನ್ನೇ. 1985ರಲ್ಲಿ ಸಿದ್ಧಾರ್ಥ ಬಸು ನಡೆಸಿದ ‘ಕ್ವಿಜ್ ಟೈಮ್’ನಲ್ಲಿ ಕಾಲೇಜು ತಂಡಗಳು ಇಂಗ್ಲಿಷಿನಲ್ಲಿ ಸೆಣಸಿದವು. ಭಾನುವಾರದ ರಾಮಾಯಣಕ್ಕೆ ಓಣಿಯೇ ಸೇರುತ್ತಿದ್ದ ಮನೆಯಲ್ಲಿ ಈ ಕಾರ್ಯಕ್ರಮಕ್ಕೆ ಕೂರುತ್ತಿದ್ದವರು ಒಬ್ಬರೋ ಇಬ್ಬರೋ ಮಾಸ್ತರರು. ಆಟ ಕಣ್ಣಿಗೆ ಕಂಡಿತು, ಕೈಗೆ ಸಿಗಲಿಲ್ಲ.

2000ದ ಜುಲೈ 3ರಂದು ‘ಕೌನ್ ಬನೇಗಾ ಕರೋಡ್‌ಪತಿ’ ಶುರುವಾದ ಮೇಲೆ ಲೆಕ್ಕ ಬದಲಾಯಿತು. ಪ್ರಶ್ನೆ ಹಿಂದಿಯಲ್ಲಿ, ಉತ್ತರ ನಾಲ್ಕರಲ್ಲಿ ಒಂದು, ಬಾಗಿಲು ತಟ್ಟಲು ಬೇಕಾದದ್ದು ಟೆಲಿಫೋನು. ಬ್ರಿಟನ್ನಿನಲ್ಲಿ 1998ರಲ್ಲಿ ಹುಟ್ಟಿದ ಆಟದ ಅಚ್ಚು ಅದು. 2000ದಲ್ಲೇ ಹರ್ಷವರ್ಧನ್ ನವಾಥೆ ಒಂದು ಕೋಟಿ ಗೆದ್ದಾಗ, ಸರ್ಕಾರಿ ನೌಕರಿಯ ಪರೀಕ್ಷೆಗೆಂದು ಓದುವ ಜನರಲ್ ನಾಲೆಜ್‌ಗೆ ಮಾರುಕಟ್ಟೆಯ ಬೆಲೆಯೂ ಇದೆ ಎಂದು ದೇಶಕ್ಕೆಲ್ಲ ತಿಳಿಯಿತು. ಮರಾಠಿ, ಹಿಂದಿ ಎರಡೂ ಕಿವಿಗೆ ಬಿದ್ದೇ ಬೆಳೆದ ನಿಪ್ಪಾಣಿ, ಕಾಗವಾಡದ ಮಕ್ಕಳಿಗೆ ಹಿಂದಿಯ ಪ್ರಶ್ನೆ ಇಂಗ್ಲಿಷಿನಷ್ಟು ಪರಕೀಯವಾಗಿರಲಿಲ್ಲ.

ಕನ್ನಡ ಓದಿದವನ ಸರದಿ ಬಂದದ್ದು 2002ರ ಜನವರಿಯಲ್ಲಿ. ಬೆಂಗಳೂರು ದೂರದರ್ಶನದ ಚಂದನ ವಾಹಿನಿಯಲ್ಲಿ ‘ಥಟ್ ಅಂತ ಹೇಳಿ’ ಆರಂಭವಾಯಿತು. ನಡೆಸಿಕೊಟ್ಟವರು ವೃತ್ತಿಯಲ್ಲಿ ವೈದ್ಯರಾದ ಡಾ. ನಾ. ಸೋಮೇಶ್ವರ. ಕೋಟಿಯಿಲ್ಲ, ಕಾರಿಲ್ಲ, ಎದೆ ನಡುಗಿಸುವ ಸಂಗೀತವಿಲ್ಲ. ಸರಿ ಉತ್ತರ ಕೊಟ್ಟವರಿಗೆ ಸಿಗುವುದು ಪುಸ್ತಕ. ಸ್ಪರ್ಧಿಗಳಲ್ಲಿ ಶಿಕ್ಷಕರು, ಗೃಹಿಣಿಯರು, ಬ್ಯಾಂಕ್ ನೌಕರರು, ವಿದ್ಯಾರ್ಥಿಗಳು. ಪ್ರಶ್ನೆಗಳು ಪುರಾಣದಿಂದ ಕ್ರಿಕೆಟ್ಟಿಗೆ, ವಚನದಿಂದ ವಿಜ್ಞಾನಕ್ಕೆ ಜಿಗಿಯುತ್ತವೆ. ಉತ್ತರ ಬಂದ ಮೇಲೆ ಅದರ ಹಿಂದಿನ ಸಂಗತಿಯನ್ನು ನಾಲ್ಕು ಮಾತಿನಲ್ಲಿ ಬಿಡಿಸಿ ಹೇಳುವುದು ಸೋಮೇಶ್ವರರ ರೂಢಿ. ಸಾವಿರಾರು ಕಂತು ದಾಟಿದ ಈ ಕಾರ್ಯಕ್ರಮ ಲಿಮ್ಕಾ ದಾಖಲೆಯ ಪುಸ್ತಕಕ್ಕೂ ಸೇರಿತು.

ಗಡಿ ತಾಲ್ಲೂಕಿನಿಂದ ಆ ಸ್ಟುಡಿಯೊಕ್ಕೆ ಹೋಗುವುದು ಸಣ್ಣ ಮಾತಲ್ಲ. ಐನೂರು ಕಿಲೊಮೀಟರಿಗೂ ಹೆಚ್ಚು ದಾರಿ. ಮೀರಜದಿಂದ ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್ ಮೂಲಕ ಸಾಗುವ ಹಳಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸದರ್ನ್ ಮರಾಠಾ ರೈಲ್ವೆ ಹಾಕಿದ್ದು. ಅದೇ ಹಳಿಯ ಮೇಲೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಕುಡಚಿಯಲ್ಲೋ ರಾಯಬಾಗದಲ್ಲೋ ಹತ್ತಿದರೆ ಬೆಂಗಳೂರಿಗೆ ಒಂದು ಇಡೀ ರಾತ್ರಿ. ಅರ್ಧ ಗಂಟೆಯ ಆಟಕ್ಕೆ ಹೋಗಿ ಬರಲು ಎರಡು ದಿನದ ರಜೆ, ಮರಳುವಾಗ ಚೀಲದಲ್ಲಿ ಪುಸ್ತಕ. ಒಳ್ಳೆಯ ಕನ್ನಡ ಪುಸ್ತಕಕ್ಕೆ ಬೆಳಗಾವಿಗೋ ಧಾರವಾಡಕ್ಕೋ ಹೋಗಬೇಕಾದ ಊರಿನವರಿಗೆ ಆ ಬಹುಮಾನದ ತೂಕ ಬೇರೆ.

ಸರ್ಕಾರವೂ ಈ ಹೊತ್ತಿಗೆ ಪೇಟೆಯ ಹೊರಗೆ ನೋಡತೊಡಗಿತ್ತು. ರಾಜ್ಯದ ಐಟಿ ಇಲಾಖೆ ಮತ್ತು ಟಿಸಿಎಸ್ ಸೇರಿ 2000ದಲ್ಲಿ ಶುರುಮಾಡಿದ ಗ್ರಾಮೀಣ ಐಟಿ ಕ್ವಿಜ್ ಬೆಂಗಳೂರಿನಂಥ ಮಹಾನಗರದ ಶಾಲೆಗಳನ್ನು ಬದಿಗಿಟ್ಟು, ಜಿಲ್ಲೆ-ತಾಲ್ಲೂಕುಗಳ ಮಕ್ಕಳನ್ನು ವಲಯ ಸುತ್ತುಗಳಿಗೆ ಕರೆಯಿತು. ಗೆದ್ದವರಿಗೆ ಅಂತಿಮ ಸುತ್ತು ರಾಜಧಾನಿಯ ಐಟಿ ಮೇಳದ ವೇದಿಕೆಯಲ್ಲಿ. 2012ರಲ್ಲಿ ಪುನೀತ್ ರಾಜ್‌ಕುಮಾರ್ ‘ಕನ್ನಡದ ಕೋಟ್ಯಧಿಪತಿ’ ನಡೆಸಿಕೊಟ್ಟಾಗ ದುಡ್ಡು ಮತ್ತು ಕನ್ನಡ ಒಂದೇ ಕುರ್ಚಿಯಲ್ಲಿ ಕೂತವು. ಹಳ್ಳಿಯಿಂದ ಬಂದವರ ಮನೆಯ ಕಥೆಯೂ ಆಟದ ಭಾಗವಾಯಿತು; ಗೆದ್ದ ಹಣದಲ್ಲಿ ಯಾವ ಸಾಲ ತೀರಿಸುತ್ತೀರಿ ಎಂಬುದೂ ಒಂದು ಪ್ರಶ್ನೆಯಾಯಿತು.

ಹೀಗೆ ಟೀವಿಯಲ್ಲಿ ಮೂವತ್ತು ವರ್ಷದೊಳಗೆ ಪ್ರಶ್ನೆ ಇಂಗ್ಲಿಷಿನಿಂದ ಹಿಂದಿಗೆ, ಹಿಂದಿಯಿಂದ ಕನ್ನಡಕ್ಕೆ ಇಳಿಯಿತು. ಒಂದೊಂದು ಮೆಟ್ಟಿಲು ಇಳಿದಂತೆ ಈ ತಾಲ್ಲೂಕುಗಳಲ್ಲಿ ಆಡಬಲ್ಲವರ ಸಂಖ್ಯೆ ಹಿಗ್ಗಿತು. ತೀರ್ಪು ಮಾತ್ರ ಸಭೆಯ ಕೈತಪ್ಪಿ ನಿರೂಪಕನ ಕಾರ್ಡಿಗೆ, ಅಲ್ಲಿಂದ ಕಂಪ್ಯೂಟರಿನ ಪರದೆಗೆ ಹೋಯಿತು. ಆ ಕಾರ್ಡನ್ನು ಕುರುಡಾಗಿ ನಂಬಿದ್ದಕ್ಕೆ ಅಮೆರಿಕ 1950ರ ದಶಕದಲ್ಲೇ ಬೆಲೆ ತೆತ್ತಿತ್ತು. ‘ಟ್ವೆಂಟಿ ಒನ್’ ಎಂಬ ಟೀವಿ ಕ್ವಿಜ್‌ನಲ್ಲಿ ಮನೆಮಾತಾಗಿದ್ದ ಅಧ್ಯಾಪಕ ಚಾರ್ಲ್ಸ್ ವ್ಯಾನ್ ಡೋರೆನ್, ತನಗೆ ಉತ್ತರಗಳನ್ನು ಮೊದಲೇ ಹೇಳಿಕೊಡುತ್ತಿದ್ದರೆಂದು 1959ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಒಪ್ಪಿಕೊಂಡ. ಮೇಳದ ಪೈಪೋಟಿಯಲ್ಲೂ ಒಳಒಪ್ಪಂದ ಇರಬಾರದೆಂದೇನಿಲ್ಲ. ಆದರೆ ಅಲ್ಲಿ ಸಾವಿರ ಕಿವಿಗಳು ಎದುರಿಗೇ ಕೂತಿರುತ್ತಿದ್ದವು.

ಈ ಸೀಮೆ ಪ್ರಶ್ನೆಗೆ ವಸ್ತುವಾಗಿಯೂ ಬಡವಲ್ಲ. ಜೈನ ಆಚಾರ್ಯ ವಿದ್ಯಾಸಾಗರರು ಹುಟ್ಟಿದ್ದೆಲ್ಲಿ? ಚಿಕ್ಕೋಡಿಯ ಸದಲಗಾದಲ್ಲಿ, 1946ರಲ್ಲಿ. ಆಚಾರ್ಯ ವಿದ್ಯಾನಂದರು? ಕಾಗವಾಡದ ಶೇಡಬಾಳದಲ್ಲಿ, 1925ರಲ್ಲಿ. ಅದೇ 1925ರ ಏಪ್ರಿಲ್‌ನಲ್ಲಿ ಅಂಬೇಡ್ಕರ್ ಅವರು ಅಸ್ಪೃಶ್ಯರ ಪ್ರಾಂತೀಯ ಪರಿಷತ್ತಿಗೆಂದು ಬಂದ ಊರು? ನಿಪ್ಪಾಣಿ. 1981ರಲ್ಲಿ ಶರದ್ ಜೋಶಿ ನೇತೃತ್ವದ ತಂಬಾಕು ಬೆಳೆಗಾರರ ಹೋರಾಟದಲ್ಲಿ ಗೋಲಿಬಾರ್ ಆದದ್ದೂ ಅಲ್ಲೇ. ಚಿಕ್ಕೋಡಿಯಿಂದ ಸತತ ಏಳು ಸಲ ಲೋಕಸಭೆಗೆ ಹೋದವರು? ಬಿ. ಶಂಕರಾನಂದ. ಉತ್ತರಗಳು ಚುಟುಕು, ಬೆನ್ನಿಗೆ ಒಂದೊಂದು ಇತಿಹಾಸ.

ಕೆಲವು ಪ್ರಶ್ನೆಗಳನ್ನು ಮಾತ್ರ ಇಲ್ಲಿ ಜೋಪಾನವಾಗಿ ಕೇಳಬೇಕು. ಗಡಿ ವಿವಾದದ ಕುರಿತ 1967ರ ಮಹಾಜನ ವರದಿ ನಿಪ್ಪಾಣಿಯನ್ನು ಯಾವ ರಾಜ್ಯಕ್ಕೆ ಕೊಡಲು ಹೇಳಿತ್ತು ಎಂಬುದಕ್ಕೆ ಕಾರ್ಡಿನಲ್ಲಿ ಇರುವುದು ಒಂದೇ ಪದ: ಮಹಾರಾಷ್ಟ್ರ. ಬೆಳಗಾವಿ ಕರ್ನಾಟಕಕ್ಕೇ ಇರಲಿ ಎಂದದ್ದೂ ಅದೇ ವರದಿ. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ, ನಿಪ್ಪಾಣಿ ಕರ್ನಾಟಕದಲ್ಲೇ ಉಳಿಯಿತು. ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಈ ಪ್ರಶ್ನೆ ಎತ್ತಿದರೆ ಮೂವತ್ತು ಸೆಕೆಂಡಿನಲ್ಲಿ ಗಂಟೆ ಹೊಡೆದು ಮುಗಿಸಲಾಗದು.

ಕನ್ನಡ, ಮರಾಠಿ, ಉರ್ದು ಶಾಲೆಗಳು ಅಕ್ಕಪಕ್ಕದಲ್ಲೇ ಇರುವ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ 2017 ಮತ್ತು 2018ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೆ ಮೂರನೆಯದಾಗಿ ಬಂತು. ಅಲ್ಲಿಂದ ಹೊರಬಿದ್ದ ಹುಡುಗ ಹುಡುಗಿಯರು ಪೊಲೀಸ್, ಪಿಡಿಒ, ಕೆಎಎಸ್ ಪರೀಕ್ಷೆಗಳಿಗೆ ಓದುತ್ತ ಹಳೆಯ ಕ್ವಿಜ್ ಕಂತುಗಳನ್ನು ಮೊಬೈಲಿನಲ್ಲಿ ನೋಡಬಹುದು. ನೋಡುವಾಗ ಇಸವಿಯ ಕಡೆಗೂ ಒಂದು ಕಣ್ಣಿಡಬೇಕು. ಬೆಳಗಾವಿ ಜಿಲ್ಲೆಯಲ್ಲಿ ಎಷ್ಟು ತಾಲ್ಲೂಕುಗಳು ಎಂಬ ಪ್ರಶ್ನೆಗೆ 2002ರಲ್ಲಿ ಸರಿ ಉತ್ತರ 10. ನಿಪ್ಪಾಣಿ, ಕಾಗವಾಡ, ಮೂಡಲಗಿ, ಕಿತ್ತೂರು ಸೇರಿ ಅದು 14 ಆಯಿತು. ಆಮೇಲೆ ಯರಗಟ್ಟಿಯೂ ಬಂದು 15.