ಗರ್ಭಸ್ಥ ಶಿಶುವಿನ ಶ್ರವಣ ಬೆಳವಣಿಗೆ

ಗರ್ಭಸ್ಥ ಶಿಶುವಿನ ಶ್ರವಣ ಬೆಳವಣಿಗೆ ಎಂದರೆ ಜನನಕ್ಕೆ ಮೊದಲೇ ಕೇಳುವ ಶಕ್ತಿ ರೂಪುಗೊಳ್ಳುವ ಪ್ರಕ್ರಿಯೆ. ಒಳಕಿವಿಯ ಸುರುಳಿಯ ರಚನೆ ಸುಮಾರು 20ನೆಯ ವಾರಕ್ಕೆ ಸಿದ್ಧವಾಗುತ್ತದೆ. 24ರಿಂದ 28ನೆಯ ವಾರದೊಳಗೆ ಶಿಶು ಶಬ್ದಕ್ಕೆ ಪ್ರತಿಕ್ರಿಯಿಸತೊಡಗುತ್ತದೆ. ತಾಯಿಯ ದೇಹ ಕೀರಲು ಶಬ್ದಗಳನ್ನು ತಗ್ಗಿಸುವುದರಿಂದ ಗರ್ಭದೊಳಗೆ ಮಾತಿನ ಸ್ಪಷ್ಟತೆಗಿಂತ ಅದರ ಏರಿಳಿತ, ಲಯಗಳೇ ಹೆಚ್ಚಾಗಿ ಕೇಳಿಸುತ್ತವೆ. ಗರ್ಭದಲ್ಲಿದ್ದ ಅಭಿಮನ್ಯು ಚಕ್ರವ್ಯೂಹದ ರಹಸ್ಯವನ್ನು ಕೇಳಿದನೆಂಬುದು ಜನಪ್ರಿಯ ಕಥೆ. ನಿಜವಾಗಿ ಶಿಶುವಿಗೆ ಅರ್ಥ ತಿಳಿಯದು, ಆದರೆ ಹುಟ್ಟಿದೊಡನೆ ತಾಯಿಯ ಧ್ವನಿಯನ್ನು ಗುರುತಿಸಬಲ್ಲದು.

ಹುಟ್ಟುಕಿವುಡಿರುವ ಮಗುವೂ ಎಲ್ಲರಂತೆ ಅಳುತ್ತದೆ, ನಗುತ್ತದೆ. ಆದ್ದರಿಂದ ದೋಷವು ಮಾತು ತಡವಾದಾಗಲೇ ಮನೆಯವರ ಗಮನಕ್ಕೆ ಬರುವುದುಂಟು. 1 ತಿಂಗಳೊಳಗೆ ಶ್ರವಣ ಪರೀಕ್ಷೆ, 3 ತಿಂಗಳೊಳಗೆ ದೋಷನಿರ್ಣಯ, 6 ತಿಂಗಳೊಳಗೆ ಚಿಕಿತ್ಸೆ ಅಥವಾ ಶ್ರವಣಸಾಧನ ದೊರೆತರೆ ಭಾಷೆ ಬೆಳೆಯಲು ಹೆಚ್ಚು ಅನುಕೂಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಭಾಗದವರು ಇಂತಹ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋಗಬಹುದು.